ಓ3 ಕೊಟ್ಟರೆ ಪ್ರೋಗ್ರಾಂ ನಿಧಾನವಾಗುವುದು ಏಕೆ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟ. ನಾನು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಸುತ್ತಮುತ್ತಲಿನ ಕೆಲವು ತೋಟಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳಿವೆ. 0.2 ಮಿ.ಮೀ. ಮಳೆ ತುಂಬಿದಾಗಲೆಲ್ಲ ಒಳಗಿನ ಪುಟ್ಟ ಬಟ್ಟಲು ಒಮ್ಮೆ ಮಗುಚುತ್ತದೆ. ಯಾವ ನಿಮಿಷದಲ್ಲಿ ಎಷ್ಟು ಸಲ ಮಗುಚಿತು ಅನ್ನುವ ಹಲವು ವರ್ಷಗಳ ದಾಖಲೆ ನಮ್ಮಲ್ಲಿದೆ. ಕೊಳೆರೋಗಕ್ಕೆ ಮದ್ದು ಬಿಡಲು ಎರಡು, ನಾಲ್ಕು, ಆರು ಗಂಟೆಗಳ ಬಿಡುವು ಮಳೆಗಾಲದಲ್ಲಿ ಎಷ್ಟು ಸಲ ಸಿಕ್ಕಿದೆ ಎಂದು ಲೆಕ್ಕ ಹಾಕಲು ಸಿ++ ಪ್ರೋಗ್ರಾಂ ಬರೆದೆ. ಅದನ್ನು ಯಂತ್ರದ ಸೂಚನೆಗಳಾಗಿ ಬದಲಿಸುವ ಜಿಸಿಸಿ ಕಂಪೈಲರಿಗೆ ವೇಗ ಹೆಚ್ಚಿಸುವ ಆಯ್ಕೆಗಳಲ್ಲಿ ಓ2 (-O2) ಕೊಟ್ಟರೆ ಬೇಗ ಮುಗಿಯುತ್ತದೆ. ಓ3 ಕೊಟ್ಟರೆ ನಿಧಾನ! ಎರಡರ ಅಸೆಂಬ್ಲಿಯನ್ನೂ (ಕಂಪೈಲರ್ ಕೊಟ್ಟ ಯಂತ್ರ ಸೂಚನೆಗಳ ಪಟ್ಟಿ) ಕಳಿಸಿದ್ದೇನೆ. ಇನ್ನೊಂದು ಲೂಪಿನಲ್ಲಿ, ಅಂದರೆ ಮತ್ತೆ ಮತ್ತೆ ಓಡುವ ಕೋಡಿನ ತುಂಡಿನಲ್ಲಿ, ಗುಣಾಕಾರ ತೆಗೆದು ಬರೀ ಕೂಡಿಸುವ ಹಾಗೆ ಬದಲಾಯಿಸಿದೆ. ಅದೂ ನಿಧಾನವಾಯಿತು. ಸಂಬಂಧವೇ ಇಲ್ಲದ ಫಂಕ್ಷನ್ ಒಂದನ್ನು ಸೇರಿಸಿದರೂ ಸಮಯ ಬದಲಾಗುತ್ತದೆ. ಗೆಳೆಯ ಫಾಸ್ಟ್-ಮ್ಯಾತ್ ಎಂಬ ಆಯ್ಕೆ ಹಾಕು ಎನ್ನುತ್ತಾನೆ. ಲ್ಯಾಪ್‌ಟಾಪ್ ಹಳೆಯದು, ಅದರ ಪ್ರೊಸೆಸರ್ ಇಂಟೆಲ್ ಹ್ಯಾಸ್ವೆಲ್ ಪೀಳಿಗೆಯದು. ಹೀಗಾದರೆ ಕಂಪೈಲರನ್ನು ನಂಬುವುದು ಹೇಗೆ?

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು. ಅಳೆದು ನೋಡಿದ್ದೀರಿ, ಅಸೆಂಬ್ಲಿಯನ್ನೂ ತೆಗೆದು ಕಳಿಸಿದ್ದೀರಿ. ಹಾಗಾಗಿ ಊಹೆ ಮಾಡದೆ ಉತ್ತರಿಸಲು ಸಾಧ್ಯವಾಗಿದೆ.

ನಿಮ್ಮ ಕಂಪೈಲರಿನಲ್ಲಿ ದೋಷವೇನೂ ಇಲ್ಲ. ಓ3 ಅಂದರೆ ಓ2ಗಿಂತ ವೇಗವಾಗಿ ಓಡಿಸುತ್ತೇನೆ ಎಂದು ಕಂಪೈಲರ್ ಕೊಡುವ ಮಾತು ಎಂದು ಹೆಚ್ಚಿನವರು ತಿಳಿದಿದ್ದಾರೆ. ನಿಜವಾಗಿ ಅದು ನೀವು ಕಂಪೈಲರಿಗೆ ಕೊಡುವ ಅನುಮತಿ: ಇನ್ನಷ್ಟು ಉಪಾಯಗಳನ್ನು ಮಾಡಿ ನೋಡು, ಕೋಡ್ ಉದ್ದವಾದರೂ ಪರವಾಗಿಲ್ಲ ಎಂದು. ಒಂದೊಂದು ಉಪಾಯದ ಹಿಂದೆಯೂ ಲಾಭ ನಷ್ಟದ ಒಂದು ಅಂದಾಜು ಇರುತ್ತದೆ. ಆ ಅಂದಾಜು ಮಾಡುವಾಗ ಕಂಪೈಲರಿನ ಮುಂದೆ ಇರುವುದು ನಿಮ್ಮ ಕೋಡ್ ಮಾತ್ರ. ನಿಮ್ಮ ಮಳೆಯ ದಾಖಲೆಯನ್ನು ಅದು ನೋಡಿಲ್ಲ. ಕಾಸರಗೋಡಿನ ಜನವರಿ ಹೇಗಿರುತ್ತದೆ, ಜುಲೈ ಹೇಗಿರುತ್ತದೆ ಎಂದು ಅದಕ್ಕೆ ಗೊತ್ತಿಲ್ಲ. ನಿಮಗೆ ಗೊತ್ತು. ನಿಮ್ಮ ಪ್ರಶ್ನೆಯ ಮುಕ್ಕಾಲು ಪಾಲು ಉತ್ತರ ಈ ವ್ಯತ್ಯಾಸದಲ್ಲೇ ಇದೆ.

ಉಳಿದ ಕಾಲು ಪಾಲು ಪ್ರೊಸೆಸರಿಗೆ ಸೇರಿದ್ದು. ಐಬಿಎಂನಲ್ಲಿ ಜಾನ್ ಬ್ಯಾಕಸ್ ಅವರ ತಂಡ 1957ರಲ್ಲಿ ಫೋರ್ಟ್ರಾನ್ ಕಂಪೈಲರ್ ಹೊರತಂದಾಗ ಒಂದೊಂದು ಸೂಚನೆಗೆ ಎಷ್ಟು ಹೊತ್ತು ಎಂದು ಕೂಡಿಸಿದರೆ ಪ್ರೋಗ್ರಾಮಿನ ಸಮಯ ಹೆಚ್ಚುಕಡಿಮೆ ಸಿಕ್ಕಿಬಿಡುತ್ತಿತ್ತು. ಈಗಿನ ಪ್ರೊಸೆಸರಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಹ್ಯಾಸ್ವೆಲ್ ಒಂದು ಸೈಕಲ್ಲಿನಲ್ಲಿ, ಅಂದರೆ ಪ್ರೊಸೆಸರಿನ ಗಡಿಯಾರದ ಒಂದು ಮಿಡಿತದಲ್ಲಿ, ನಾಲ್ಕು ಸೂಚನೆಗಳನ್ನು ಕೈಗೆತ್ತಿಕೊಳ್ಳಬಲ್ಲದು, ಅವು ಒಂದನ್ನೊಂದು ಕಾಯದೆ ಇದ್ದರೆ. ಅಂಗಳದಲ್ಲಿ ನಾಲ್ವರು ಕೂತು ಅಡಿಕೆ ಸುಲಿಯುವಾಗ ಯಾರೂ ಯಾರನ್ನೂ ಕಾಯಬೇಕಾಗಿಲ್ಲ, ಅಲ್ವಾ? ಅದೇ ಒಬ್ಬರು ಅರ್ಧ ಸುಲಿದದ್ದನ್ನು ಇನ್ನೊಬ್ಬರು ಮುಗಿಸಬೇಕು ಎಂದಾದರೆ ನಾಲ್ವರಿದ್ದೂ ಕೆಲಸ ಒಬ್ಬರ ವೇಗದಲ್ಲೇ ಸಾಗುತ್ತದೆ. ಹಾಗಾಗಿ ನೀವು ಕೇಳಬೇಕಾದ ಪ್ರಶ್ನೆ "ಎಷ್ಟು ಕೆಲಸ?" ಎಂಬುದಕ್ಕಿಂತ ಜಾಸ್ತಿ "ಯಾವುದು ಯಾವುದಕ್ಕಾಗಿ ಕಾಯುತ್ತಿದೆ?" ಎಂಬುದು. ಇದನ್ನು ಕಾಯುವ ಸರಪಳಿ ಎಂದು ಕರೆಯೋಣ.

ಈಗ ನಿಮ್ಮ ಮುಖ್ಯ ಲೂಪಿಗೆ ಬರೋಣ. ಅದು ಮಾಡುವ ಕೆಲಸ ಸರಳ. ಈ ನಿಮಿಷ ಬಟ್ಟಲು ಮಗುಚದಿದ್ದರೆ ಒಣ ನಿಮಿಷಗಳ ಲೆಕ್ಕವನ್ನು ಒಂದು ಏರಿಸು. ಮಗುಚಿದ್ದರೆ ಲೆಕ್ಕವನ್ನು ಸೊನ್ನೆ ಮಾಡು. ಲೆಕ್ಕ 120 ಮುಟ್ಟಿದ ಕೂಡಲೇ ಎರಡು ಗಂಟೆಯ ಒಂದು ಬಿಡುವು ಸಿಕ್ಕಿತು ಎಂದು ಬರೆದಿಡು.

ನಿಮ್ಮ ಓ2 ಅಸೆಂಬ್ಲಿಯಲ್ಲಿ ಆ "ಮಗುಚಿದ್ದರೆ" ಎಂಬುದು ನಿಜವಾದ ಬ್ರಾಂಚ್ ಆಗಿಯೇ ಉಳಿದಿದೆ, ಅಂದರೆ ಜಿಗಿಯುವ ಸೂಚನೆ. ಓ3ರಲ್ಲಿ ಅದು ಮಾಯವಾಗಿದೆ. ಅದರ ಜಾಗದಲ್ಲಿ ಸಿಮೂವ್ ಎಂಬ ಸೂಚನೆ ಬಂದಿದೆ. ಇದು ಎರಡೂ ಉತ್ತರಗಳನ್ನು ಮೊದಲೇ ಸಿದ್ಧ ಮಾಡಿಟ್ಟುಕೊಂಡು, ಷರತ್ತನ್ನು ನೋಡಿ ಅವುಗಳಲ್ಲಿ ಒಂದನ್ನು ಆರಿಸುತ್ತದೆ. ಜಿಗಿತ ಇಲ್ಲ. ಲೂಪನ್ನು ವೆಕ್ಟರೈಸ್ ಮಾಡಲು, ಅಂದರೆ ಹಲವು ಅಂಕಿಗಳನ್ನು ಒಟ್ಟಿಗೆ ಸಂಸ್ಕರಿಸಲು, ಬ್ರಾಂಚುಗಳಿಲ್ಲದ ನೇರ ಕೋಡ್ ಬೇಕು. ಓ3 ಆ ದಾರಿಯಲ್ಲಿ ಜಾಸ್ತಿ ಉತ್ಸಾಹ ತೋರಿಸುತ್ತದೆ. ನಿಮ್ಮ ಲೂಪಿನಲ್ಲಿ ಪ್ರತಿ ನಿಮಿಷದ ಲೆಕ್ಕ ಹಿಂದಿನ ನಿಮಿಷದ ಲೆಕ್ಕದ ಮೇಲೆ ನಿಂತಿರುವುದರಿಂದ ವೆಕ್ಟರೈಸ್ ಆಗಲಿಲ್ಲ. ಬ್ರಾಂಚ್ ಹೋದದ್ದು ಮಾತ್ರ ಹೋಗಿಯೇ ಬಿಟ್ಟಿತು.

ಬ್ರಾಂಚ್ ಹೋದರೆ ಒಳ್ಳೆಯದೇ ಅಲ್ಲವೇ ಎಂದು ನೀವು ಕೇಳಬಹುದು. ಪುಸ್ತಕಗಳಲ್ಲಿ ಹಾಗೆಯೇ ಹೇಳಿಕೊಡುತ್ತಾರೆ. ಆದರೆ ಸ್ವಲ್ಪ ಒಳಗೆ ಹೋಗಿ ನೋಡಿ. ಬ್ರಾಂಚ್ ಎದುರಾದಾಗ ಪ್ರೊಸೆಸರ್ ಕಾಯುತ್ತಾ ಕೂರುವುದಿಲ್ಲ. ಹಿಂದಿನ ಅನುಭವ ನೋಡಿ ಒಂದು ಕಡೆ ಊಹಿಸಿ ಮುಂದೆ ಹೋಗುತ್ತದೆ. ಊಹೆ ಸರಿಯಾದರೆ ಆ ಬ್ರಾಂಚಿಗೆ ತಗಲುವ ಸಮಯ ಹೆಚ್ಚುಕಡಿಮೆ ಸೊನ್ನೆ. ತಪ್ಪಾದರೆ ಮಾಡಿದ ಕೆಲಸ ಎಸೆದು ಹಿಂದೆ ಬರಬೇಕು. ಅದಕ್ಕೆ ಸುಮಾರು 15ರಿಂದ 20 ಸೈಕಲ್ ದಂಡ. ಸಿಮೂವ್ ಊಹೆ ಮಾಡುವುದಿಲ್ಲ. ದಂಡವೂ ಇಲ್ಲ. ಆದರೆ ಅದು ಕಾಯುತ್ತದೆ. ನಿಮ್ಮ ಲೂಪಿನಲ್ಲಿ ಅದು ಕೂತಿರುವ ಜಾಗವೇ ತೊಂದರೆಯದ್ದು. ಹಿಂದಿನ ಲೆಕ್ಕ ಬರಬೇಕು, ಅದಕ್ಕೆ ಒಂದು ಕೂಡಿಸಬೇಕು, ಆಮೇಲೆ ಸಿಮೂವ್ ಆರಿಸಬೇಕು, ಆಮೇಲೆಯೇ ಮುಂದಿನ ನಿಮಿಷದ ಲೆಕ್ಕ ಶುರು. ಕೂಡಿಸುವುದಕ್ಕೆ 1 ಸೈಕಲ್, ಹ್ಯಾಸ್ವೆಲ್‌ನಲ್ಲಿ ಸಿಮೂವಿಗೆ 2 ಸೈಕಲ್. ಒಟ್ಟು 3. ಬ್ರಾಂಚ್ ಇದ್ದಾಗ ಆ ಸರಪಳಿಯಲ್ಲಿ ಕೂಡಿಸುವ 1 ಸೈಕಲ್ ಮಾತ್ರ ಇತ್ತು. ಇಂಟೆಲ್ ಬ್ರಾಡ್‌ವೆಲ್ ಪೀಳಿಗೆಯಿಂದ ಹೆಚ್ಚಿನ ಸಿಮೂವ್‌ಗಳನ್ನು 1 ಸೈಕಲ್ಲಿಗೆ ಇಳಿಸಿತು. ಹಾಗಾಗಿ ನಿಮ್ಮ ಗೆಳೆಯರ ಹೊಸ ಲ್ಯಾಪ್‌ಟಾಪಿನಲ್ಲಿ ಇದೇ ಪ್ರೋಗ್ರಾಮಿನ ವ್ಯತ್ಯಾಸ ಕಡಿಮೆ ಕಾಣಬಹುದು.

ಇಲ್ಲಿ ನಮ್ಮ ಊರಿನ ಮಳೆ ಒಳಗೆ ಬರುತ್ತದೆ. ಈ ಭಾಗ ನನಗೆ ತುಂಬ ಇಷ್ಟವಾಯಿತು, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ವರ್ಷದಲ್ಲಿ 5,25,600 ನಿಮಿಷಗಳಿವೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ. ಒಂದು ಮಗುಚುವಿಕೆಗೆ 0.2 ಮಿ.ಮೀ. ಅಂದರೆ ಇಡೀ ವರ್ಷದಲ್ಲಿ ಬಟ್ಟಲು ಮಗುಚುವುದು ಸುಮಾರು 17,500 ಸಲ. ಒಂದೊಂದು ಮಗುಚುವಿಕೆಯೂ ಬೇರೆ ಬೇರೆ ನಿಮಿಷದಲ್ಲಿ ಆಗಿ, ಪ್ರತಿ ಸಲವೂ ಪ್ರೊಸೆಸರಿನ ಊಹೆ ತಪ್ಪಿತು ಎಂದೇ ಇಟ್ಟುಕೊಳ್ಳಿ. ಆಗಲೂ 30 ನಿಮಿಷದ ದಾಖಲೆಗೆ ಒಂದು ತಪ್ಪು. ನಿಜವಾಗಿ ಅಷ್ಟೂ ಆಗುವುದಿಲ್ಲ. ಡಿಸೆಂಬರಿನಿಂದ ಮಾರ್ಚ್ ತನಕ ಹೆಚ್ಚುಕಡಿಮೆ ಬರೀ ಸೊನ್ನೆಗಳ ಸಾಲು, ಊಹೆ ತಪ್ಪುವ ಪ್ರಶ್ನೆಯೇ ಇಲ್ಲ. ಜುಲೈಯಲ್ಲಿ ಗಂಟೆಗೆ 60 ಮಿ.ಮೀ. ಲೆಕ್ಕದಲ್ಲಿ ಸುರಿಯುವಾಗ ನಿಮಿಷಕ್ಕೆ ಐದು ಸಲ ಮಗುಚುತ್ತದೆ. ಅಂದರೆ ಪ್ರತಿ ನಿಮಿಷವೂ "ಮಗುಚಿದೆ". ಅದನ್ನೂ ಊಹಿಸುವುದು ಸುಲಭ.

ಊಹೆ ಕೆಡುವುದು ಜಡಿಮಳೆ ಹಿಡಿದಾಗ. ಗಂಟೆಗೆ 3 ಮಿ.ಮೀ. ಹನಿಯುತ್ತಿದ್ದರೆ ಸರಾಸರಿ ನಾಲ್ಕು ನಿಮಿಷಕ್ಕೊಮ್ಮೆ ಬಟ್ಟಲು ಮಗುಚುತ್ತದೆ. ಕೆಲವೊಮ್ಮೆ ಮೂರಕ್ಕೆ, ಕೆಲವೊಮ್ಮೆ ಆರಕ್ಕೆ. ಅದರಲ್ಲಿ ಕ್ರಮ ಇರುವುದಿಲ್ಲ. ಅಲ್ಲಿ ಬ್ರಾಂಚ್ ಸೋಲುತ್ತದೆ, ಸಿಮೂವ್ ಗೆಲ್ಲುತ್ತದೆ. ಒಂದು ನಿಮಿಷದ ದಾಖಲೆಗೆ ಬ್ರಾಂಚ್ ಒಂದೆರಡು ಸೈಕಲ್ ಉಳಿಸುತ್ತದೆ, ತಪ್ಪಿದರೆ 15ರಿಂದ 20 ಸೈಕಲ್ ಕಳೆಯುತ್ತದೆ. ಹಾಗಾಗಿ ಹತ್ತು ಹದಿನೈದು ನಿಮಿಷಕ್ಕೊಂದು ತಪ್ಪು ಎಂಬುದು ಅಂದಾಜು ಗಡಿ. ವರ್ಷದ ಒಟ್ಟು ಲೆಕ್ಕದಲ್ಲಿ ನೀವು ಆ ಗಡಿಯಿಂದ ಬಹಳ ಈಚೆ ಇದ್ದೀರಿ. ಓ2 ಗೆದ್ದದ್ದು ಅದಕ್ಕೇ.

ಇದನ್ನು ನಂಬಲು ನನ್ನ ಮಾತು ಸಾಲದು. ಜನವರಿಯ ದಾಖಲೆಗಳನ್ನೇ ಒಂದು ಕಡತ ಮಾಡಿ, ಜುಲೈಯದ್ದನ್ನು ಇನ್ನೊಂದು. ಎರಡರಲ್ಲೂ ನಿಮಿಷಗಳ ಸಂಖ್ಯೆ ಒಂದೇ. ಓ2ರಲ್ಲಿ ಜುಲೈ ಕಡತ ನಿಧಾನ ಆಗಬೇಕು, ಓ3ರಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಸಮಯ ಬರಬೇಕು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ: ಜುಲೈಯ ನಿಮಿಷಗಳನ್ನು ಕಲಸಿ, ಅಡ್ಡಾದಿಡ್ಡಿ ಜೋಡಿಸಿ ಓಡಿಸಿ. ಲೆಕ್ಕಕ್ಕೆ ಅರ್ಥ ಇರುವುದಿಲ್ಲ, ಆದರೆ ಆಗ ಓ2 ಇನ್ನಷ್ಟು ನಿಧಾನವಾಗಬೇಕು, ಓ3 ಮುಂದೆ ಬರುವ ಸಾಧ್ಯತೆಯೂ ಇದೆ. ಕೋಡ್ ಅದೇ, ಅಂಕಿಗಳೂ ಅವೇ, ಬದಲಾದದ್ದು ಕ್ರಮ ಮಾತ್ರ.

ಲಿನಕ್ಸಿನಲ್ಲಿ ಪರ್ಫ್ ಎಂಬ ಸಾಧನ ಇದೆ. ಅದರ ಸ್ಟ್ಯಾಟ್ ಆದೇಶ ಸೈಕಲ್‌ಗಳು, ಸೂಚನೆಗಳು, ತಪ್ಪಿದ ಬ್ರಾಂಚುಗಳು ಇವನ್ನೆಲ್ಲ ಎಣಿಸಿ ಕೊಡುತ್ತದೆ. ಬರೀ ಸೆಕೆಂಡ್ ನೋಡಿದರೆ ಏನಾಯಿತು ಅಂತ ಗೊತ್ತಾಗುತ್ತದೆ, ಏಕೆ ಆಯಿತು ಅಂತ ಗೊತ್ತಾಗುವುದಿಲ್ಲ. ತಪ್ಪಿದ ಬ್ರಾಂಚುಗಳು ಕಡಿಮೆಯಾಗಿಯೂ ಸೈಕಲ್ ಜಾಸ್ತಿಯಾಗಿದ್ದರೆ ಎಲ್ಲೋ ಒಂದು ಕಾಯುವ ಸರಪಳಿ ಉದ್ದವಾಗಿದೆ ಎಂದು ಅನುಮಾನಿಸಿ. ನಿಮ್ಮದು ಅದೇ ಪ್ರಕರಣ.

ಕಂಪೈಲರಿಗೆ ನಿಮ್ಮ ಮಳೆಯನ್ನು ಪರಿಚಯಿಸುವ ದಾರಿಯೂ ಉಂಟು. ಮೊದಲು ಪ್ರೊಫೈಲ್-ಜನರೇಟ್ ಆಯ್ಕೆ ಕೊಟ್ಟು ಕಂಪೈಲ್ ಮಾಡಿ, ನಿಜವಾದ ದಾಖಲೆಯ ಮೇಲೆ ಒಮ್ಮೆ ಓಡಿಸಿ. ಯಾವ ಬ್ರಾಂಚ್ ಎಷ್ಟು ಸಲ ಯಾವ ಕಡೆ ಹೋಯಿತು ಎಂದು ಅದು ಬರೆದಿಡುತ್ತದೆ. ಆಮೇಲೆ ಪ್ರೊಫೈಲ್-ಯೂಸ್ ಕೊಟ್ಟು ಮತ್ತೆ ಕಂಪೈಲ್ ಮಾಡಿ. ಈಗ ಅದರ ಅಂದಾಜಿಗೆ ಆಧಾರ ಸಿಕ್ಕಿತು. ಆದರೆ ಓಡಿಸಲು ಇಡೀ ವರ್ಷದ ದಾಖಲೆಯನ್ನೇ ಕೊಡಿ. ಜನವರಿಯನ್ನು ಮಾತ್ರ ತೋರಿಸಿದರೆ ಮಳೆಯೇ ಬಾರದ ಊರು ಎಂದು ತಿಳಿದು ಕೋಡ್ ಜೋಡಿಸುತ್ತದೆ. ಇದಾದ ಮೇಲೂ ಅಸೆಂಬ್ಲಿ ನೋಡಬೇಕು. ಬ್ರಾಂಚ್ ಎಷ್ಟು ಸಲ ಯಾವ ಕಡೆ ಹೋಯಿತು ಎಂಬುದು ಒಂದು, ಅದನ್ನು ಊಹಿಸುವುದು ಎಷ್ಟು ಸುಲಭ ಎಂಬುದು ಇನ್ನೊಂದು. ಪ್ರೊಫೈಲಿನಲ್ಲಿ ಸಿಗುವುದು ಮೊದಲನೆಯದು. ಅದೆಲ್ಲ ಬೇಡ ಅನ್ನಿಸಿದರೆ ಈ ಲೂಪ್ ಇರುವ ಕೋಡ್ ಕಡತವೊಂದನ್ನು ಓ2ರಲ್ಲಿ, ಉಳಿದದ್ದನ್ನು ಓ3ರಲ್ಲಿ ಕಂಪೈಲ್ ಮಾಡಿ ಜೋಡಿಸಿ. ಅದರಲ್ಲಿ ತಪ್ಪೇನಿಲ್ಲ.

ಓ3ರ ಇನ್ನೊಂದು ಗುಣ ನಿಮ್ಮ ಕೋಡಿನ ಬೇರೆ ಕಡೆ ಕಂಡಿತು. ಮಳೆಮಾಪಕಗಳ ಮೇಲೆ ಸುತ್ತುವ ಒಳಗಿನ ಲೂಪ್ ಇದೆಯಲ್ಲ, ಅದರಲ್ಲಿ ಮಾಪಕಗಳು ಮೂರೋ ನಾಲ್ಕೋ. ಆ ಸಂಖ್ಯೆಯನ್ನು ನೀವು ವೇರಿಯಬಲ್ ಆಗಿ ಇಟ್ಟಿದ್ದೀರಿ. ಅದು ಸಾವಿರ ಆಗಬಹುದು ಎಂದು ಕಂಪೈಲರ್ ಸಿದ್ಧತೆ ಮಾಡಿದೆ. ಹದಿನಾರು ಹದಿನಾರಾಗಿ ಸಂಸ್ಕರಿಸುವ ದೊಡ್ಡ ಲೂಪ್, ಅದಕ್ಕೆ ಮೊದಲು ಪರಿಶೀಲನೆಗಳು, ಕೊನೆಯಲ್ಲಿ ಉಳಿದದ್ದಕ್ಕೆ ಸಣ್ಣ ಲೂಪ್. ನಿಮ್ಮ ಮೂರು ಮಾಪಕಗಳು ಪ್ರತಿ ಸಲವೂ ಪರಿಶೀಲನೆಗಳನ್ನೆಲ್ಲ ದಾಟಿ ನೇರ ಕೊನೆಯ ಸಣ್ಣ ಲೂಪಿಗೆ ಹೋಗುತ್ತಿವೆ. ದೊಡ್ಡ ಲೂಪ್ ಒಮ್ಮೆಯೂ ಓಡುವುದಿಲ್ಲ. ಲೂಪುಗಳನ್ನು ಅದಲುಬದಲು ಮಾಡಿ, ನಿಮಿಷಗಳದ್ದು ಒಳಗೆ, ಮಾಪಕಗಳದ್ದು ಹೊರಗೆ. ಸರಿಹೋಗುತ್ತದೆ.

ಈಗ ಗುಣಾಕಾರದ ವಿಷಯ. ಎಲೆ, ಗೊನೆ ಒಣಗುವ ಬಿಸಿಲಿನ ತೂಕಕ್ಕೆ ನೀವು ದಿನದ ಪ್ರತಿ ನಿಮಿಷಕ್ಕೂ ಒಂದು ವರ್ಗ ಸಮೀಕರಣ ಹಾಕುತ್ತೀರಿ. ನಿಮಿಷದ ಅಂಕಿಯ ವರ್ಗಕ್ಕೊಂದು ಗುಣಕ, ಅಂಕಿಗೊಂದು ಗುಣಕ, ಕೊನೆಗೊಂದು ಸ್ಥಿರಾಂಕ. ಇದನ್ನು ಪ್ರತಿ ಸಲ ಗುಣಿಸುವ ಬದಲು ಹಿಂದಿನ ಉತ್ತರಕ್ಕೆ ಒಂದು ಏರಿಕೆ ಕೂಡಿಸಿ, ಏರಿಕೆಗೆ ಇನ್ನೊಂದು ಏರಿಕೆ ಕೂಡಿಸಿ ಪಡೆದಿರಿ. ಗಣಿತದ ದೃಷ್ಟಿಯಿಂದ ಅಚ್ಚುಕಟ್ಟು. ಹ್ಯಾಸ್ವೆಲ್‌ನಲ್ಲಿ ಒಂದು ಫ್ಲೋಟಿಂಗ್ ಪಾಯಿಂಟ್ (ದಶಮಾಂಶ ಅಂಕಿಗಳ) ಗುಣಾಕಾರಕ್ಕೆ 5 ಸೈಕಲ್, ಕೂಡಿಸಲು 3. ಆ ಲೆಕ್ಕವೂ ನಿಮ್ಮ ಪರವಾಗಿಯೇ ಇತ್ತು.

ಆದರೆ ಮೊದಲಿನ ಕೋಡಿನಲ್ಲಿ 700ನೇ ನಿಮಿಷದ ಉತ್ತರಕ್ಕೆ 699ನೆಯದು ಬೇಕಾಗಿರಲಿಲ್ಲ. ಎಲ್ಲವೂ ಬಿಡಿ ಬಿಡಿ. ಕಂಪೈಲರ್ ಎರಡೆರಡನ್ನು ಒಟ್ಟಿಗೆ ಸೇರಿಸಿ ವೆಕ್ಟರೈಸ್ ಮಾಡಿತ್ತು, ಒಂದು ಗುಣಾಕಾರ ಮುಗಿಯುವ ಮೊದಲೇ ಪ್ರೊಸೆಸರ್ ಮುಂದಿನದ್ದನ್ನು ಶುರುಮಾಡುತ್ತಿತ್ತು. 5 ಸೈಕಲ್ ಎಂಬುದು ಕಾಣುತ್ತಲೇ ಇರಲಿಲ್ಲ. ನಿಮ್ಮ ಹೊಸ ಕೋಡಿನಲ್ಲಿ ಪ್ರತಿ ಉತ್ತರವೂ ಹಿಂದಿನದ್ದಕ್ಕೆ ಕಾಯುತ್ತದೆ. ಒಂದು ಉತ್ತರಕ್ಕೆ 3 ಸೈಕಲ್ಲಿಗಿಂತ ಬೇಗ ಆಗುವ ದಾರಿಯೇ ಇಲ್ಲ. ಕೆಲಸ ಕಡಿಮೆಯಾಯಿತು, ಕಾಯುವುದು ಜಾಸ್ತಿಯಾಯಿತು.

ಕಂಪೈಲರ್ ಇದನ್ನು ಬಿಡಿಸಿ ಹಿಂದಿನ ರೂಪಕ್ಕೆ ತರಬಹುದಿತ್ತಲ್ಲ? ಅದಕ್ಕೆ ಆ ಹಕ್ಕಿಲ್ಲ. ಫ್ಲೋಟಿಂಗ್ ಪಾಯಿಂಟ್ ಅಂಕಿಗಳನ್ನು ಕೂಡಿಸುವ ಕ್ರಮ ಬದಲಾದರೆ ಉತ್ತರದ ಕೊನೆಯ ಅಂಕಿಗಳು ಬದಲಾಗುತ್ತವೆ. ನೀವು ಬರೆದ ಕ್ರಮವನ್ನು ಅದು ಗೌರವಿಸಲೇಬೇಕು. ಓ3 ಕೊಟ್ಟರೂ ದಶಮಾಂಶ ಅಂಕಿಗಳ ಉದ್ದ ಪಟ್ಟಿಯ ಮೊತ್ತ ವೆಕ್ಟರೈಸ್ ಆಗದೆ, ಪೂರ್ಣಾಂಕಗಳ ಮೊತ್ತ ಆಗುವುದೂ ಇದೇ ಕಾರಣಕ್ಕೆ. ಇನ್ನೊಂದು ಮಾತು: ನಿಮ್ಮ ಹೊಸ ರೂಪದಲ್ಲಿ ಪ್ರತಿ ಹೆಜ್ಜೆಯ ಪುಟ್ಟ ತಪ್ಪು ಮುಂದಿನ ಹೆಜ್ಜೆಗೆ ದಾಟುತ್ತಾ ಹೋಗುತ್ತದೆ. ದಿನದ ಕೊನೆಯ ನಿಮಿಷದ ಉತ್ತರವನ್ನು ಎರಡೂ ರೂಪಗಳಲ್ಲಿ ತೆಗೆದು ಹೋಲಿಸಿ ನೋಡಿ. ಗುಣಾಕಾರವನ್ನು ವಾಪಸ್ ತನ್ನಿ ಎಂಬುದೇ ನನ್ನ ಸಲಹೆ.

ಹಾಗಾದರೆ ಗೆಳೆಯರು ಹೇಳಿದ ಫಾಸ್ಟ್-ಮ್ಯಾತ್? ಕ್ರಮ ಬದಲಾದರೂ ಅಡ್ಡಿಯಿಲ್ಲ ಎಂದು ಅದು ಕಂಪೈಲರಿಗೆ ಹೇಳುತ್ತದೆ. ಮೊತ್ತದ ಲೂಪುಗಳು ನಿಜವಾಗಿಯೂ ವೇಗವಾಗುತ್ತವೆ. ಆದರೂ ನಿಮ್ಮ ಪ್ರೋಗ್ರಾಮಿಗೆ ಅದು ಖಂಡಿತ ಬೇಡ. ಕಾರಣ ಹೇಳುತ್ತೇನೆ. ಮಾಪಕದ ಬಾಯಿಗೆ ಎಲೆ, ಕಸ ಬಿದ್ದು ಕಟ್ಟಿಕೊಂಡ ದಿನಗಳಿಗೆ ನೀವು ಗಂಟೆವಾರು ಕೋಷ್ಟಕದಲ್ಲಿ "ನ್ಯಾನ್" ಗುರುತು ಹಾಕಿದ್ದೀರಿ, ಅಂಕಿ ಇಲ್ಲ ಎಂದು ತಿಳಿಸುವ ಗುರುತು. ಮೊತ್ತ ಮಾಡುವ ಮೊದಲು ಅದನ್ನು ಪರೀಕ್ಷಿಸಿ ಬಿಟ್ಟುಬಿಡುತ್ತೀರಿ. ಫಾಸ್ಟ್-ಮ್ಯಾತ್ ಕೊಟ್ಟರೆ ಈ ಪ್ರೋಗ್ರಾಮಿನಲ್ಲಿ ನ್ಯಾನ್ ಬರುವುದೇ ಇಲ್ಲ ಎಂದೂ ಕಂಪೈಲರಿಗೆ ಹೇಳಿದ ಹಾಗಾಗುತ್ತದೆ. ಬರುವುದೇ ಇಲ್ಲ ಎಂದಾದ ಮೇಲೆ ಪರೀಕ್ಷೆ ಏಕೆ ಎಂದು ಜಿಸಿಸಿಯೂ ಕ್ಲ್ಯಾಂಗ್ ಎಂಬ ಇನ್ನೊಂದು ಕಂಪೈಲರೂ ಆ ಪರೀಕ್ಷೆಯನ್ನೇ ಕಿತ್ತುಹಾಕುತ್ತವೆ. ಎಚ್ಚರಿಕೆಯ ಸಾಲು ಕೂಡ ಬಾರದೆ ಇರಬಹುದು. ಕಟ್ಟಿಕೊಂಡ ಮಾಪಕದ ದಿನ ಸೇರಿ ಇಡೀ ತಿಂಗಳ ಮೊತ್ತ ಕೆಡುತ್ತದೆ. ಕ್ರಮ ಬದಲಿಸುವ ಅನುಮತಿಯನ್ನು ಮಾತ್ರ ಕೊಡುವ ಬಿಡಿ ಆಯ್ಕೆಗಳೂ ಇವೆ. ಅಥವಾ ನೀವೇ ನಾಲ್ಕು ಬೇರೆ ಬೇರೆ ಮೊತ್ತಗಳನ್ನು ಇಟ್ಟುಕೊಂಡು ಕೊನೆಯಲ್ಲಿ ಕೂಡಿಸಿ. ಸರಪಳಿ ನಾಲ್ಕಾಗಿ ಒಡೆಯುತ್ತದೆ, ಪರೀಕ್ಷೆಯೂ ಉಳಿಯುತ್ತದೆ.

ಸಂಬಂಧವಿಲ್ಲದ ಫಂಕ್ಷನ್ ಸೇರಿಸಿದಾಗ ಸಮಯ ಬದಲಾದದ್ದು ನಿಮ್ಮ ಭ್ರಮೆಯಲ್ಲ. ಹೊಸ ಫಂಕ್ಷನ್ ಬಂದು ಹಳೆಯ ಲೂಪ್ ಮೆಮೊರಿಯಲ್ಲಿ ಕೆಲವು ಬೈಟ್ ಆಚೀಚೆ ಸರಿಯಿತು. ನಿಮ್ಮ ಪ್ರೊಸೆಸರ್ ಬಿಡಿಸಿಟ್ಟ ಸೂಚನೆಗಳನ್ನು 32 ಬೈಟುಗಳ ತುಂಡುಗಳಾಗಿ ಒಂದು ಸಣ್ಣ ಕ್ಯಾಶಿನಲ್ಲಿ, ಅಂದರೆ ತನ್ನೊಳಗಿನ ವೇಗದ ಮೆಮೊರಿಯಲ್ಲಿ, ಇಡುತ್ತದೆ. ಪುಟ್ಟ ಲೂಪ್ ಒಂದು ತುಂಡಿನೊಳಗೆ ಕೂತರೆ ಒಂದು ವೇಗ, ಗಡಿ ದಾಟಿ ಎರಡಕ್ಕೆ ಹರಡಿದರೆ ಇನ್ನೊಂದು. ಸ್ಕೈಲೇಕ್ ಪೀಳಿಗೆಯ ಚಿಪ್ಪುಗಳಲ್ಲಿ ಇಂಥದ್ದೇ 32 ಬೈಟಿನ ಗಡಿಯಲ್ಲಿ ಬೀಳುವ ಜಿಗಿತಗಳ ಒಂದು ದೋಷವನ್ನು ಇಂಟೆಲ್ 2019ರಲ್ಲಿ ಪ್ರಕಟಿಸಿ ಮೈಕ್ರೋಕೋಡ್ (ಪ್ರೊಸೆಸರಿನ ಒಳಗಿನ ನಿಯಂತ್ರಣ ಕೋಡ್) ಮೂಲಕ ಸರಿಪಡಿಸಿತು. ಆ ತಿದ್ದುಪಡಿಯಿಂದಲೇ ಕೆಲವು ಪ್ರೋಗ್ರಾಮುಗಳು ನಿಧಾನವಾದವು.

ಇದರ ಬಗ್ಗೆ ಗಂಭೀರ ಸಂಶೋಧನೆ ನಡೆದಿದೆ. ಟಾಡ್ ಮಿಟ್ಕೊವಿಚ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದ್ದು ಹೀಗೆ: ಕಂಪೈಲ್ ಆದ ಕಡತಗಳನ್ನು ಒಂದಾಗಿ ಜೋಡಿಸುವ (ಲಿಂಕ್ ಮಾಡುವ) ಕ್ರಮ ಬದಲಾದರೆ, ಎನ್ವಿರಾನ್ಮೆಂಟ್ ವೇರಿಯಬಲ್‌ಗಳ (ಆಪರೇಟಿಂಗ್ ಸಿಸ್ಟಂ ಪ್ರೋಗ್ರಾಮಿಗೆ ಕೊಡುವ ಸೆಟ್ಟಿಂಗ್‌ಗಳು) ಒಟ್ಟು ಉದ್ದ ಬದಲಾದರೆ ಸಾಕು, ಓ3 ಲಾಭವೋ ನಷ್ಟವೋ ಎಂಬ ತೀರ್ಮಾನವೇ ತಿರುಗಿಬೀಳಬಹುದು. 2013ರಲ್ಲಿ ಚಾರ್ಲಿ ಕರ್ಟ್‌ಸಿಂಗರ್ ಮತ್ತು ಎಮೆರಿ ಬರ್ಗರ್ ಪ್ರೋಗ್ರಾಂ ಓಡುತ್ತಿರುವಾಗಲೇ ಕೋಡನ್ನೂ ಡೇಟಾವನ್ನೂ ಮತ್ತೆ ಮತ್ತೆ ಬೇರೆ ಬೇರೆ ಜಾಗಕ್ಕೆ ಸರಿಸಿ, ಈ ಅದೃಷ್ಟದ ಆಟವನ್ನು ಸರಾಸರಿಯಲ್ಲಿ ಕರಗಿಸಿ ಅಳೆದರು. ಎಲ್‌ಎಲ್‌ವಿಎಂ ಕಂಪೈಲರಿನಲ್ಲಿ, ತಾವು ಪರೀಕ್ಷಿಸಿದ ಪ್ರೋಗ್ರಾಮುಗಳ ಮಟ್ಟಿಗೆ, ಓ2ಗಿಂತ ಓ3 ಕೊಡುವ ಲಾಭವನ್ನು ಸುಮ್ನೆ ಆಗುವ ಏರಿಳಿತದಿಂದ ಬೇರ್ಪಡಿಸಲು ಆಗಲಿಲ್ಲ ಎಂಬುದು ಅವರ ಫಲಿತಾಂಶ. ನೂರಕ್ಕೆ ಎರಡು ಮೂರರ ವ್ಯತ್ಯಾಸ ಕಂಡು ಒಂದು ಆಯ್ಕೆ ಮೇಲು ಎಂದು ಹೇಳಿಬಿಡಬೇಡಿ ಎಂದು ನಾನು ವಿದ್ಯಾರ್ಥಿಗಳಿಗೆ ಒತ್ತಿ ಹೇಳುವುದು ಅದಕ್ಕೇ.

ಅಳೆಯುವಾಗ ಓ2, ಓ3, ಓ2, ಓ3 ಎಂದು ಸರದಿಯಲ್ಲಿ ಓಡಿಸಿ. ಒಂದನ್ನೇ ಹತ್ತು ಸಲ ಓಡಿಸಿ ಆಮೇಲೆ ಇನ್ನೊಂದಕ್ಕೆ ಹೋದರೆ ಅಷ್ಟರಲ್ಲಿ ಲ್ಯಾಪ್‌ಟಾಪ್ ಬಿಸಿಯಾಗಿ ವೇಗ ಇಳಿಸಿಕೊಂಡಿರಬಹುದು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗುವುದು ಮಾಮೂಲಿ. ಬ್ಯಾಟರಿಯ ಮೇಲೆ ಅಳೆದ ಸಮಯವನ್ನು ಕರೆಂಟ್ ಇದ್ದಾಗಿನ ಸಮಯದ ಜೊತೆ ಹೋಲಿಸಬೇಡಿ. ಬ್ಯಾಟರಿಯಲ್ಲಿ ಪ್ರೊಸೆಸರ್ ಕಡಿಮೆ ವೇಗದಲ್ಲಿ ಓಡುವಂತೆ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಏರ್ಪಾಡು ಇರುತ್ತದೆ. ಇನ್ನು, ಉತ್ತರವನ್ನು ಎಲ್ಲೂ ಬಳಸದ ಲೂಪನ್ನು ಅಳೆದರೆ ಸೊನ್ನೆ ಸೆಕೆಂಡ್ ಬರಬಹುದು, ಕಂಪೈಲರ್ ಅದನ್ನು ಅಳಿಸಿಹಾಕಿರುತ್ತದೆ. ಕೊನೆಯಲ್ಲಿ ಉತ್ತರವನ್ನು ಪ್ರಿಂಟ್ ಮಾಡಿದರೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೆ, ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಮಾಡುವ ಕೆಲಸ ಬೇರೆಯೇ. ಓ2, ಓ3 ಎರಡೂ ಮುಟ್ಟಲಾಗದ ಜಾಗ ಅದು. ಮೇಲಿನ ಎರಡು ಅಂಕಿಗಳನ್ನು ಮತ್ತೆ ನೋಡಿ: ವರ್ಷಕ್ಕೆ 5,25,600 ನಿಮಿಷ, 17,500 ಮಗುಚುವಿಕೆ. ನೀವು ಪ್ರತಿ ನಿಮಿಷವನ್ನೂ ಮುಟ್ಟುತ್ತಿದ್ದೀರಿ. ಅದರಲ್ಲಿ ಬಹುಪಾಲು ಸೊನ್ನೆ. ಅದರ ಬದಲು ಬಟ್ಟಲು ಮಗುಚಿದ ಹೊತ್ತುಗಳನ್ನು ಮಾತ್ರ ಪಟ್ಟಿ ಮಾಡಿ. ಎರಡು ಅಕ್ಕಪಕ್ಕದ ಹೊತ್ತುಗಳ ಅಂತರವೇ ಮಳೆ ಬಿಟ್ಟ ಅವಧಿ. ಕೆಲಸ ಕಡಿಮೆಯೆಂದರೂ ಮೂವತ್ತನೇ ಒಂದು ಪಾಲಿಗೆ ಇಳಿಯಿತು. ಅಷ್ಟೇ ಅಲ್ಲ, ಒಂದು ಅಂತರ ಲೆಕ್ಕ ಹಾಕಲು ಹಿಂದಿನ ಅಂತರ ಬೇಕಾಗಿಲ್ಲ. ಕಾಯುವ ಸರಪಳಿಯೇ ಇಲ್ಲ. ಕಳೆಯುವ ಈ ಲೂಪನ್ನು ಓ3 ಸುಲಭವಾಗಿ ವೆಕ್ಟರೈಸ್ ಮಾಡುತ್ತದೆ. ಈ ಸಲ ಅದರ ಉತ್ಸಾಹ ನಿಮಗೆ ಲಾಭವೇ.

ಅಂತರಗಳನ್ನು ಒಮ್ಮೆ ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿಟ್ಟರೆ ಎರಡು ಗಂಟೆಯದ್ದು ಎಷ್ಟು, ನಾಲ್ಕರದ್ದು ಎಷ್ಟು, ಆರರದ್ದು ಎಷ್ಟು ಎಂಬುದಕ್ಕೆ ಮತ್ತೆ ದಾಖಲೆ ಓದಬೇಕಾಗಿಲ್ಲ. ಪಟ್ಟಿಯಲ್ಲಿ ಆ ಜಾಗ ಹುಡುಕಿದರೆ ಆಯಿತು. ಪ್ರತಿ ಅಂತರದ ಜೊತೆ ಅದು ಶುರುವಾದ ದಿನ, ಹೊತ್ತುಗಳನ್ನೂ ಇಟ್ಟುಕೊಳ್ಳಿ. ಕೊಳೆರೋಗಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮಳೆಗಾಲ ಶುರುವಾಗುವ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಬಿಡಬೇಕು ಎಂಬುದು ವಾಡಿಕೆಯ ಶಿಫಾರಸು. ಎರಡನೆಯದು ಸರಿಯಾಗಿ ಜುಲೈಯ ನಡುವೆ ಬರುತ್ತದೆ. ರಾತ್ರಿ ಸಿಕ್ಕ ಆರು ಗಂಟೆಯ ಬಿಡುವು ಮರ ಹತ್ತುವವರಿಗೆ ಉಪಯೋಗಕ್ಕೆ ಬಾರದು. ಹಗಲಿನದ್ದನ್ನು ಬೇರೆಯಾಗಿ ಎಣಿಸಿ.

ಹೊಸ ರೂಪದಲ್ಲಿ ಎರಡು ಕಡೆ ಎಚ್ಚರ ಬೇಕು. ಮಾಪಕ ಕಟ್ಟಿಕೊಂಡ ಅವಧಿಯಲ್ಲಿ ಬಟ್ಟಲು ಮಗುಚುವುದಿಲ್ಲ, ಹಾಗಾಗಿ ಅದು ದೊಡ್ಡದೊಂದು ಒಣ ಬಿಡುವಿನ ಹಾಗೆ ಕಾಣುತ್ತದೆ. ಆ ಅವಧಿಯ ಆರಂಭ, ಅಂತ್ಯಗಳನ್ನು ಬೇರೆ ಪಟ್ಟಿಯಲ್ಲಿಟ್ಟು, ಅದನ್ನು ದಾಟುವ ಅಂತರಗಳನ್ನು ಮೊದಲೇ ತೆಗೆದುಹಾಕಿ. ಎರಡನೆಯದು, ಕಡತದ ಮೊದಲ ಮಗುಚುವಿಕೆಗೆ ಮುಂಚಿನ ಮತ್ತು ಕೊನೆಯದರ ನಂತರದ ಹೊತ್ತು. ವರ್ಷದ ಲೆಕ್ಕವನ್ನು ಜನವರಿ 1ಕ್ಕೆ ಕತ್ತರಿಸಿದರೆ ಡಿಸೆಂಬರಿನ ಒಣ ಬಿಡುವು ಎರಡು ತುಂಡಾಗಿ ಎರಡು ವರ್ಷಗಳಲ್ಲೂ ಎಣಿಕೆಗೆ ಬರುತ್ತದೆ. ನಿಮಗೆ ಬೇಕಾದದ್ದು ಮಳೆಗಾಲದ್ದು ಮಾತ್ರ. ಆದ್ದರಿಂದ ಮೇ 15ರಿಂದ ಅಕ್ಟೋಬರ್ ಕೊನೆಯ ತನಕ ತೆಗೆದುಕೊಂಡು, ಎರಡೂ ತುದಿಗಳಲ್ಲಿ ಬಟ್ಟಲು ಮಗುಚಿತು ಎಂದು ಇಟ್ಟುಕೊಂಡ ಒಂದೊಂದು ಗುರುತಿನ ಹೊತ್ತು ಸೇರಿಸಿ ಓಡಿಸಿ.